ಸಹಾಯ ಬೇಕು: ಆರೋಗ್ಯ ಆ್ಯಪ್‌ಗೆ ನೇಟಿವ್ ವಿಧಾನ ಸೂಕ್ತವೇ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿರುವ ನಮ್ಮ ಸಣ್ಣ ತಂಡವು, ರಕ್ತದೊತ್ತಡ ಅಳೆಯುವ ಉಪಕರಣದಿಂದ ಬ್ಲೂಟೂತ್ ಮೂಲಕ ಮಾಹಿತಿ ಪಡೆದು, ಇಂಟರ್ನೆಟ್ ಇಲ್ಲದಿದ್ದರೂ ಫೋನಿನಲ್ಲೇ ಉಳಿಸಿ, ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುವ ಆ್ಯಪ್ ಒಂದನ್ನು ರೂಪಿಸುತ್ತಿದೆ.

ಫ್ಲಟರ್ ಎಂಬ ಆ್ಯಪ್ ತಯಾರಿಕಾ ಸಾಧನ ಬಳಸಿದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಸಿದ್ಧವಾಗುತ್ತದೆ, ನಿಜ. ಆದರೆ ಆಂಡ್ರಾಯ್ಡ್ 12ರಲ್ಲಿ ಬ್ಲೂಟೂತ್ ಅನುಮತಿಯ ನಿಯಮಗಳು ಬದಲಾದಂತೆ ಮುಂದೆಯೂ ಬದಲಾದಾಗ, ಬೇರೆಯವರು ಬರೆದ ಪ್ಲಗಿನ್ (ಫ್ಲಟರ್ ಆ್ಯಪ್‌ಗೆ ಬ್ಲೂಟೂತ್ ಸಂಪರ್ಕ ಒದಗಿಸುವ ಸಿದ್ಧ ಕೋಡ್) ಪರಿಷ್ಕರಣೆಯಾಗುವವರೆಗೆ ರೋಗಿಗಳನ್ನು ಕಾಯಿಸುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ನೇಟಿವ್ ವಿಧಾನದಲ್ಲಿ, ಅಂದರೆ ಆಯಾ ಫೋನಿನದೇ ಭಾಷೆಯಲ್ಲಿ ಪ್ರತ್ಯೇಕವಾಗಿ, ಮೊದಲು ಕಾಟ್ಲಿನ್ ಭಾಷೆಯಲ್ಲಿ ಆಂಡ್ರಾಯ್ಡ್ ಆವೃತ್ತಿಯನ್ನೂ ಬಳಿಕ ಸ್ವಿಫ್ಟ್ ಭಾಷೆಯಲ್ಲಿ ಐಫೋನ್ ಆವೃತ್ತಿಯನ್ನೂ ಬರೆಯುವ ಯೋಚನೆಯಿದೆ.

ಎರಡು ಕೋಡ್‌ಗಳ ನಿರ್ವಹಣೆ ನಮಗೆ ಹೊರೆಯಾಗಬಹುದು. ಕಾಟ್ಲಿನ್ ಕೋಡನ್ನು ಐಫೋನಿನಲ್ಲೂ ಬಳಸಲು ಬಿಡುವ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಮೂಲಕ ದತ್ತಾಂಶದ ಭಾಗವನ್ನಷ್ಟೇ ಎರಡಕ್ಕೂ ಸಾಮಾನ್ಯವಾಗಿಟ್ಟು, ಪರದೆಗಳನ್ನೂ ಬ್ಲೂಟೂತ್ ಭಾಗವನ್ನೂ ಪ್ರತ್ಯೇಕವಾಗಿ ಬರೆದ ಅನುಭವ ಯಾರಿಗಾದರೂ ಇದ್ದರೆ, ಅದರಿಂದ ಕೆಲಸ ನಿಜವಾಗಿಯೂ ಕಡಿಮೆಯಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ.