ಗೌರಿಹೂವಿನ ಬಳ್ಳಿ ಆಟಿ ತಿಂಗಳ ಮಳೆಗೆ ಬುಡ ಮಡಚಿ ಬಿತ್ತು: ಗೆಡ್ಡೆ ಉಳಿದೀತೇ?

ಪೆರ್ಲದ ಬೇಲಿ:
ಗೌರಿಹೂವಿನ (ಅಗ್ನಿಶಿಖೆ, ಗ್ಲೋರಿಯೋಸಾ) ಎರಡು ಗೆಡ್ಡೆ ಮೇ ಕೊನೆಗೆ ನೆಟ್ಟದ್ದು. ಅಂಗಳದ ಅಂಚು, ಮುರ ಮಣ್ಣು (ಜಂಬಿಟ್ಟಿಗೆ ಮಣ್ಣು), ಆರಿಂಚು ಆಳ, ತಲಾ ಒಂದು ಬುಟ್ಟಿ ಹಸಿ ಹಟ್ಟಿಗೊಬ್ಬರ. ಒಂದು ಮೊಳೆಯಲೇ ಇಲ್ಲ. ಇನ್ನೊಂದು ಮೂರಡಿ ಏರಿತ್ತು. ಈಗ ಕೆಳಗಿನ ಎಲೆ ಹಳದಿಯಾಗಿ ಬಳ್ಳಿ ಬುಡದಲ್ಲೇ ಮಡಚಿಕೊಂಡಿದೆ. ಎಲೆಯಲ್ಲಿ ಕಪ್ಪು ಹುಳವೂ ಇದೆ, ಮೈಮೇಲೆ ಬಿಳಿ, ಕೆಂಪು ಚುಕ್ಕೆ. ಇನ್ನಷ್ಟು ಗೊಬ್ಬರ ಬೇಕಾ?

ಸುಡುಮಣ್ಣು:
ಗೊಬ್ಬರದ ಸುದ್ದಿಗೇ ಹೋಗಬೇಡಿ ಮಾರಾಯ್ರೆ, ಹಸಿ ಗೊಬ್ಬರವೇ ಅರ್ಧ ಕಾರಣ. ಮುರ ಮಣ್ಣಲ್ಲಿ ತೆಗೆದ ಗುಂಡಿ ಮಳೆಗಾಲದಲ್ಲಿ ನೀರು ಹಿಡಿದಿಡುತ್ತದೆ. ಅದರಲ್ಲಿ ಹಸಿ ಸಗಣಿ ಬಿಸಿಯಾಗಿ ಕೊಳೆತರೆ ಗೆಡ್ಡೆಗೂ ಅದೇ ಗತಿ. ಬುಡದ ಮಣ್ಣು ಮೆಲ್ಲ ಸರಿಸಿ ನೋಡಿ. ಹತ್ತಿಯಂಥ ಬಿಳಿ ಎಳೆ, ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರದ ಬುಡಕೊಳೆ.

ಮೊಳೆಯದ್ದರ ಕತೆ ಬೇರೆ ಇರಬಹುದು. ಈ ಗೆಡ್ಡೆಗೆ ನೇಗಿಲಿನ ಹಾಗೆ ಎರಡು ಕವಲು, ಮೊಳಕೆಯ ಕಣ್ಣು ಇರುವುದು ಕವಲಿನ ತುದಿಯಲ್ಲಿ ಮಾತ್ರ. ಅಗೆಯುವಾಗ ಆ ತುದಿ ಮುರಿದರೆ ಗೆಡ್ಡೆ ಎಷ್ಟು ಗಟ್ಟಿ ಇದ್ದರೂ ಮೊಳೆಯುವುದಿಲ್ಲ. ಶುಂಠಿಯ ಹಾಗೆ ಎಲ್ಲೆಂದರಲ್ಲಿ ತುಂಡು ಮಾಡಿ ನೆಡುವುದೂ ಆಗದು. ಎರಡು ಮಾಡಲೇಬೇಕೆಂದರೆ ಕವಲು ಕೂಡುವ ಗಂಟಿನಲ್ಲೇ ಬಿಡಿಸಿ, ಗಾಯ ಒಣಗಿಸಿ ನೆಡಬೇಕು.

ಕೈಗವಸು ಹಾಕಿಯೇ ಮುಟ್ಟಿ. ಇಡೀ ಗಿಡದಲ್ಲಿ ಕಾಲ್ಚಿಸಿನ್ ವಿಷ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು.

ತಾಳವಾಡಿ ತೋಟ:
ಹುಳಕ್ಕೆ ನಾನು ಹೇಳ್ತೀನಿ. ಅದು ಲಿಲ್ಲಿ ಹುಳ, ಗಿಡದ ವಿಷ ಅದಕ್ಕೆ ತಾಗೋದಿಲ್ಲ. ಒಂದೆರಡು ಬಳ್ಳಿ ಅಂದ್ರೆ ಸಂಜೆ ಹೊತ್ತು ಕಡ್ಡಿಯಿಂದ ಎತ್ತಿ ಸೋಪು ನೀರಿಗೆ ಹಾಕಿದರೆ ಸಾಕು. ಮರಿಹುಳ ಇದ್ದಾಗ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಕಲಸಿ ಎಲೆಯಡಿಗೆ ಹೊಡೀರಿ. ದೊಡ್ಡದಾದ ಮೇಲೆ ಬೇವು ಕೇಳೋಲ್ಲ.

ಇನ್ನೊಂದು ಮಾತು. ನಮ್ಮ ತಮಿಳುನಾಡಲ್ಲಿ ಇದು ರಾಜ್ಯದ ಹೂವು, ತಿರುಪ್ಪೂರು ಜಿಲ್ಲೆಯ ಮೂಲನೂರು ಕಡೆ ಬೀಜಕ್ಕೋಸ್ಕರ ಎಕರೆಗಟ್ಟಲೆ ಬೆಳೀತಾರೆ. ಅಲ್ಲಿ ನೀರು ಎಷ್ಟು ಬಿಡಬೇಕು ಅನ್ನೋದು ರೈತನ ಕೈಲಿದೆ, ನಿಮ್ಮಲ್ಲಿ ಮಳೆಯ ಕೈಲಿ. ಆ ಕಡೆಯ ಲೆಕ್ಕ ಓದಿ ಆರಿಂಚು ಇಳಿಸಬೇಡಿ, ನಾಲ್ಕಿಂಚು ಸಾಕು.

ಪೆರ್ಲದ ಬೇಲಿ:
ನೋಡಿದೆ, ಸಾಸಿವೆ ಕಾಳು ಇದೆ. ಬಳ್ಳಿಯ ಬುಡದಲ್ಲಿ ಆಗಿರುವ ಹೊಸ ಗೆಡ್ಡೆಯ ಒಂದು ಕವಲು ಗಟ್ಟಿ, ಇನ್ನೊಂದು ಮೆತ್ತಗೆ. ಮೊಳೆಯದ್ದರ ಎರಡೂ ತುದಿ ಮುರಿದಿದೆ.

ಸುಡುಮಣ್ಣು:
ತುದಿ ಮುರಿದದ್ದನ್ನು ಬಿಟ್ಟುಬಿಡಿ. ಗಟ್ಟಿ ಕವಲು ಉಳಿಯಬಹುದು, ಖಾತ್ರಿ ಹೇಳಲಾರೆ. ಮೆತ್ತಗಿನ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆಯಿರಿ, ತುದಿಯ ಕಣ್ಣಿಗೆ ಪೆಟ್ಟಾಗಬಾರದು. ಅಡಿಕೆಗೆ ಬಿಡುವ 1% ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಅದೇ ದಿನ ಕಲಸಿದ್ದು ಇದ್ದರೆ ಗಾಯಕ್ಕೆ ಹಚ್ಚಿ, ಹಳೇ ಗುಂಡಿಗೂ ಹೊಯ್ಯಿರಿ. ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಹಾಕುವ ಯೋಚನೆ ಇದ್ದರೆ ಬೋರ್ಡೋದ ಒಟ್ಟಿಗೆ ಬೇಡ, ತಾಮ್ರ ಅದನ್ನೂ ಕೊಲ್ಲುತ್ತದೆ. ನೆರಳಲ್ಲಿ ಒಣಗಿಸಿ ಒಣ ಮರಳಲ್ಲಿ ಮುಚ್ಚಿಡಿ, ಬರುವ ಮೇ ತನಕ ನೀರು ಸೋಕಬಾರದು. ಡಬ್ಬಕ್ಕೆ ‘ವಿಷ’ ಎಂದು ಬರೆದು ಬೀಗದೊಳಗೆ ಇಡಿ. ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ.

ಮುಂದಿನ ಸಲ ಹಳೇ ಗುಂಡಿ ಬೇಡ, ಹನ್ನೆರಡಿಂಚಿನ ಕುಂಡ ಆದೀತು. ಎರಡು ಪಾಲು ಸುಡುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ವರ್ಷ ಹಳೆಯ ಗೊಬ್ಬರ. ಗೆಡ್ಡೆ ಅಡ್ಡ ಮಲಗಿರಲಿ. ಏರಲು ಸೀಮೆಕೊನ್ನೆಯ (ಗ್ಲಿರಿಸಿಡಿಯಾ) ಸಪೂರ ಕಡ್ಡಿ ಊರಿ: ಈ ಬಳ್ಳಿ ಎಲೆಯ ತುದಿಯಿಂದ ಸುತ್ತಿಕೊಳ್ಳುವುದು, ದಪ್ಪ ಗೂಟವನ್ನು ಹಿಡಿಯಲಾರದು. ಜಾರಿ ಕುಡಿ ಮುರಿದರೆ ಆ ವರ್ಷದ ಹೂವು ಹೆಚ್ಚುಕಡಿಮೆ ಹೋದ ಹಾಗೆಯೇ.

ತಾಳವಾಡಿ ತೋಟ:
ಮನೇಲಿ ಮಕ್ಕಳಿದ್ದರೆ ಹೂ ಬಾಡಿದ ತಕ್ಷಣ ಕಾಯಿ ಚಿವುಟಿಬಿಡಿ. ಕಾಯಿ ಒಡೆದರೆ ಒಳಗಿನ ಕೆಂಪು ಬೀಜ ಮಕ್ಕಳ ಕಣ್ಣಿಗೆ ಬೀಳುತ್ತೆ. ಯಾರಾದ್ರೂ ತಿಂದರು ಅಂದ್ರೆ ವಾಂತಿ ಆಗಲಿ ಅಂತ ಕಾಯಬೇಡಿ, ಅದು ಶುರುವಾಗೋಕೆ ಕೆಲವು ಗಂಟೆ ಬೇಕು. ತಿಂದ ಗೆಡ್ಡೆ ಇಲ್ಲವೇ ಬೀಜದ ತುಂಡು ಸಮೇತ ಆಸ್ಪತ್ರೆಗೆ ಓಡಿ. ವಾಂತಿ ಭೇದಿ ನಿಂತಿತು ಅಂತ ವಾಪಸ್ ಕರ್ಕೊಂಡು ಬರಲೂಬೇಡಿ, ರಕ್ತಕಣ ಕುಸಿಯೋದು ಆಮೇಲೆ.

ಸುಡುಮಣ್ಣು:
ಕೊಳೆತದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಸಾಸಿವೆ ಕಾಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಒಣಗಿಸಿ ಸುಡಿ, ಹೊಗೆಯಿಂದ ದೂರ ನಿಲ್ಲಿ.