ಪದ ಬೇಕು: ಅಭ್ಯರ್ಥಿ ಸಹಿ ಹಾಕಿ ಒಪ್ಪುವ ವೆಚ್ಚ ಮಿತಿಗೆ

ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು, ಬೇಗ ಹೇಳಿ. ಅಮೆರಿಕದ ನಗರಸಭೆ ಚುನಾವಣೆಗಳ ಕೈಪಿಡಿಯೊಂದರ ಅನುವಾದ. ಪ್ರಚಾರದ ಖರ್ಚಿಗೆ ನಗರಾಡಳಿತ ಒಂದು ಮೊತ್ತ ಗೊತ್ತುಮಾಡುತ್ತದೆ; ಅಭ್ಯರ್ಥಿ ಬಯಸಿದರೆ ಸಹಿ ಹಾಕುತ್ತಾನೆ, ಇಲ್ಲವಾದರೆ ಬಿಡುತ್ತಾನೆ. ಸದ್ಯಕ್ಕೆ 'ಸ್ವಯಂಪ್ರೇರಿತ ವೆಚ್ಚ ಮಿತಿ' ಎಂದು ಬರೆದಿದ್ದೇನೆ. ಎದುರಾಳಿಯ ಮೇಲೆ ಸುಳ್ಳು ಹೊರಿಸುವುದಿಲ್ಲ, ಜನಾಂಗ-ಧರ್ಮಗಳ ದ್ವೇಷ ಕೆದಕಿ ಮತ ಕೇಳುವುದಿಲ್ಲ ಎಂಬ ಇನ್ನೊಂದು ಹಾಳೆಯೂ ಇದೆ. ಅದಕ್ಕೆ 'ನಿಷ್ಪಕ್ಷಪಾತ ಪ್ರಚಾರ ನೀತಿ ಸಂಹಿತೆ' ಆದೀತೇ?

ಉತ್ತರ:
'ಸ್ವಯಂಪ್ರೇರಿತ' ಬೇಡ. ಮೊತ್ತವನ್ನೂ ಅಭ್ಯರ್ಥಿಯೇ ಹಾಕಿಕೊಂಡ ಹಾಗೆ ಕೇಳಿಸುತ್ತದೆ. ಮೊತ್ತ ನಗರಾಡಳಿತದ್ದು, ಒಪ್ಪಿಗೆಯಷ್ಟೇ ಅವನದು. 'ಐಚ್ಛಿಕ' ಇನ್ನೂ ಅಪಾಯ: ಸಹಿ ಹಾಕುವುದು ಇಷ್ಟಕ್ಕೆ ಬಿಟ್ಟದ್ದು, ಹಾಕಿದ ಮೇಲೆ ಪಾಲಿಸುವುದು ಇಷ್ಟಕ್ಕೆ ಬಿಟ್ಟದ್ದಲ್ಲ. 'ಒಪ್ಪಿತ ವೆಚ್ಚ ಮಿತಿ' ಎನ್ನಿ.

ಮೊದಲ ಬಳಕೆಯಲ್ಲೇ ಒಂದು ವಾಕ್ಯದ ವಿವರಣೆ ಕೊಡಿ. ನಮ್ಮವರಿಗೆ 'ವೆಚ್ಚ ಮಿತಿ' ಎಂದರೆ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮು. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಅದನ್ನು ಮೀರುವುದು 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಅಲ್ಲಿ ಹಾಗಿಲ್ಲ. ಕಡ್ಡಾಯ ಮಿತಿ ವಾಕ್‌ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು 1976ರ ಬಕ್ಲಿ-ವ್ಯಾಲಿಯೋ ತೀರ್ಪಿನಲ್ಲಿ ಅವರ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸಾರ್ವಜನಿಕ ಹಣ ಪಡೆಯುವವನು ಪ್ರತಿಯಾಗಿ ಮಿತಿಗೆ ಒಪ್ಪಬಹುದು ಎಂದು ಬಿಟ್ಟುಕೊಟ್ಟಿತು. ಒಪ್ಪಿಗೆಯ ದಾರಿ ಬೆಳೆದದ್ದು ಅಲ್ಲಿಂದ.

ಉತ್ತರ:
ಎರಡನೆಯ ಹಾಳೆಯ ಬಗ್ಗೆ. 'ನಿಷ್ಪಕ್ಷಪಾತ' ಚುನಾವಣಾಧಿಕಾರಿಯ ಗುಣ. ಅಭ್ಯರ್ಥಿ ಸ್ವತಃ ಒಂದು ಪಕ್ಷ, ಅವನಿಂದ ಅದನ್ನು ಕೇಳುವುದು ಅಸಂಬದ್ಧ. 'ನೀತಿ ಸಂಹಿತೆ'ಯೂ ಬೇಡ: ಚುನಾವಣೆ ಘೋಷಣೆಯಾದೊಡನೆ ಅದು ಎಲ್ಲರ ಮೇಲೂ ತಾನಾಗಿ ಜಾರಿಗೆ ಬರುವಂಥದು, ಸಹಿ ಹಾಕಿದವನಿಗೆ ಮಾತ್ರವಲ್ಲ. 'ಮುಚ್ಚಳಿಕೆ' ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಚುನಾವಣೆಗೆ ಮುಂಚೆ ಪೊಲೀಸರು ರೌಡಿಗಳಿಂದ ಬರೆಸಿಕೊಳ್ಳುವುದು ಅದು. 'ನ್ಯಾಯಯುತ ಪ್ರಚಾರದ ವಾಗ್ದಾನ' ಸಾಕು.

ಉತ್ತರ:
> 'ಒಪ್ಪಿತ ವೆಚ್ಚ ಮಿತಿ' ಎನ್ನಿ.
'ಒಪ್ಪಿತ' ಎಂಬ ರೂಪ ಕನ್ನಡದಲ್ಲಿಲ್ಲ. 'ಒಪ್ಪು' ನಮ್ಮ ಧಾತು, 'ಇತ' ಸಂಸ್ಕೃತದ ಪ್ರತ್ಯಯ. ಪತ್ರಿಕೆಗಳು ಬಳಸಿದ ಮಾತ್ರಕ್ಕೆ ಅದು ಸಾಧುವಾಗುವುದಿಲ್ಲ. 'ಒಪ್ಪಿದ' ಎಂಬ ಕೃದಂತ ಕೈಯಲ್ಲೇ ಇರುವಾಗ ಈ ಹೊಲಿಗೆ ಯಾಕೆ? 'ಒಪ್ಪಿದ ವೆಚ್ಚದೆಲ್ಲೆ'. ಮುಗಿಯಿತು.

ಉತ್ತರ:
ಮುಗಿಯಲಿಲ್ಲ. 'ಒಪ್ಪಿದ' ಸರಿ, ಒಪ್ಪುತ್ತೇನೆ. 'ಎಲ್ಲೆ' ಬೇಡ. ನಮೂನೆಯಲ್ಲಿ 'ಮಿತಿಯ ಶೇಕಡಾ 80 ತಲುಪಿದಾಗ', 'ಮಿತಿ ತೆರವಾದಾಗ' ಎಂದೆಲ್ಲ ಬರೆಯಬೇಕಾಗುತ್ತದೆ. ಎಲ್ಲೆಯ ಶೇಕಡಾ 80 ಎಂದರೆ ಏನು? ಅದು ಗೆರೆ, ಮೊತ್ತವಲ್ಲ. ನೀವು ಉಳಿಸಿಕೊಂಡ 'ವೆಚ್ಚ'ವೂ 'ವ್ಯಯ'ದ ತದ್ಭವವೇ.

ಉತ್ತರ:
ತದ್ಭವ ನಮ್ಮ ಬಾಯಲ್ಲಿ ಸವೆದು ನಮ್ಮದಾದದ್ದು. ತತ್ಸಮ ಹಾಗಲ್ಲ. ಈ ಭೇದ ಗೊತ್ತಿಲ್ಲದವರ ಜೊತೆ ವಾದ ಬೇಡ.

ಉತ್ತರ:
ಹಾಗಾದರೆ ಫಾರಸಿಯಿಂದ ಬಂದ 'ಖರ್ಚು' ಹಳ್ಳಿಹಳ್ಳಿಯಲ್ಲೂ ಸವೆದಿದೆ, ಅದನ್ನೇ ಬಳಸಿ ಎನ್ನಬೇಕಲ್ಲ! ಆದರೆ ಇಲ್ಲಿ ಎರಡಕ್ಕೂ ಬೇರೆ ಕೆಲಸವಿದೆ. ಕೈಯಿಂದ ಹೋದ ಹಣ ಖರ್ಚು. ಮಿತಿಗೆ ಲೆಕ್ಕವಾಗುವುದು ಅಷ್ಟೇ ಅಲ್ಲ: ಕರಪತ್ರ ಅಚ್ಚಾಗಿ ಬಿಲ್ಲು ಇನ್ನೂ ಕೊಡದಿದ್ದರೂ ಸೇರುತ್ತದೆ, ಬೆಂಬಲಿಗ ಪುಕ್ಕಟೆ ಕೊಟ್ಟ ಕಚೇರಿಯ ಮಾರುಕಟ್ಟೆ ಬಾಡಿಗೆಯೂ ಸೇರುತ್ತದೆ. ಸ್ವಯಂಸೇವಕರ ದುಡಿಮೆ ಸಾಮಾನ್ಯವಾಗಿ ಸೇರದು; ಅಭ್ಯರ್ಥಿಯೊಡನೆ ಸಮಾಲೋಚಿಸದೆ ಹೊರಗಿನವರು ತಾವಾಗಿ ಮಾಡುವ ವೆಚ್ಚವೂ ಸೇರದು, ಮಿತಿ ಸೋರುವುದು ಅಲ್ಲೇ. ಅನುವಾದದಲ್ಲಿ 'ಖರ್ಚು' ಎಂದರೆ ಖಜಾಂಚಿ ಬಾಕಿ ಬಿಲ್ಲುಗಳನ್ನು ಮತದಾನದ ಆಚೆಗೆ ತಳ್ಳಿ ಮಿತಿಯೊಳಗಿದ್ದೇನೆ ಎಂದುಕೊಳ್ಳುತ್ತಾನೆ. 'ವೆಚ್ಚ' ಎನ್ನಿ, ಅದರಡಿ 'ಪಾವತಿಸಿದ್ದು, ಪಾವತಿಸಬೇಕಾದ್ದು ಎರಡೂ' ಎಂದು ಸೇರಿಸಿ.

ಕೇಳಿದವರಿಂದ:
'ಒಪ್ಪಿದ ವೆಚ್ಚ ಮಿತಿ', 'ನ್ಯಾಯಯುತ ಪ್ರಚಾರದ ವಾಗ್ದಾನ' ಎಂದು ಹಾಕುತ್ತಿದ್ದೇನೆ. ಇನ್ನೊಂದು ಉಳಿದಿದೆ: ಒಪ್ಪದ ಎದುರಾಳಿ ಆ ಮೊತ್ತ ದಾಟಿದರೆ ಒಪ್ಪಿದವನಿಗೂ ಮಿತಿ ಸಡಿಲವಾಗುವ ನಿಯಮ ಕೆಲವೆಡೆ ಇದೆ. 'ಮಿತಿ ರದ್ದು' ಎನ್ನಲೇ, 'ಮಿತಿ ತೆರವು' ಎನ್ನಲೇ?

ಉತ್ತರ:
ತೆರವು. ರದ್ದು ಎಂದರೆ ಅವನ ಸಹಿಯೂ ಹೋಯಿತು ಎಂದಾಗುತ್ತದೆ.

ಉತ್ತರ:
'ರದ್ದು' ಅರಬ್ಬಿ. 'ತೆರವು' ಅಚ್ಚಗನ್ನಡ. ಇಷ್ಟಾದರೂ ಸರಿಹೋಯಿತು.