ಪದಚರ್ಚೆ: ‘ಕಸ್ಟೋಡಿಯಲ್ ಡೆತ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಪೊಲೀಸರು ಕರೆದೊಯ್ದ ಮೇಲೆ ಸತ್ತವರ ಮನೆಯವರು ಹಂಚಲಿರುವ ಕರಪತ್ರವನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಫಲಕದ ಮೇಲೂ ಅದೇ ಪದ. ‘ಲಾಕಪ್ ಡೆತ್’, ‘ಪೊಲೀಸ್ ವಶದಲ್ಲಿ ಸಾವು’, ‘ಅಭಿರಕ್ಷೆಯಲ್ಲಿ ಮರಣ’ ಇವುಗಳಲ್ಲಿ ಯಾವುದನ್ನು ಹಾಕಲಿ?

> ಕಾನೂನು ಕನ್ನಡದಲ್ಲಿ ಕಸ್ಟಡಿಗೆ ‘ಅಭಿರಕ್ಷೆ’ ಎಂದೇ ಇದೆ. ಅದನ್ನು ಹಾಕಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

> ಇದೆ. ಆ ಪದದ ಹೊಟ್ಟೆಯಲ್ಲಿ ‘ರಕ್ಷೆ’ ಕೂತಿದೆ. ಮಗನ ಹೆಣ ಹೊತ್ತು ತಂದ ತಾಯಿಯ ಕೈಗೆ ಅದನ್ನು ಬರೆದು ಕೊಡುತ್ತೀರಾ? ‘ಸೆರೆ’ ನಮ್ಮದೇ ಮಾತು, ಹಳಗನ್ನಡದಲ್ಲಿ ಶಕಟರೇಫದ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ‘ಸೆಱೆ’. ‘ಸೆರೆಸಾವು’ ಎನ್ನಿ. ‘ವಶ’ವೂ ಸಂಸ್ಕೃತ, ಬೇಡ.

> ‘ಸೆರೆಸಾವು’ ತಪ್ಪು. ಓದಿದವರಿಗೆ ಜೈಲು ಕಾಣುತ್ತದೆ. ಕೋರ್ಟಿನ ಆದೇಶದ ಮೇಲೆ ಜೈಲಿನಲ್ಲಿಡುವ ನ್ಯಾಯಾಂಗ ಬಂಧನ ಬೇರೆ, ಪೊಲೀಸ್ ವಶ ಬೇರೆ. ‘ಲಾಕಪ್’ ಕೂಡ ಸಾಲದು: ಬಂಧನವನ್ನೇ ದಾಖಲಿಸದೆ ‘ವಿಚಾರಣೆಗೆ ಕರೆಸಿದ್ದೆವು ಅಷ್ಟೇ’ ಎನ್ನುವುದುಂಟು. ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿಯ ಪ್ರಕರಣ ನೆನಪಿಸಿಕೊಳ್ಳಿ. ಮಗನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತ್ತು. ತಪ್ಪಿಸಿಕೊಂಡು ಓಡಿದ್ದ ಎಂದರು ಪೊಲೀಸರು. ತಾಯಿ ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡ ಸುಪ್ರೀಂ ಕೋರ್ಟ್ ಆ ಕತೆಯನ್ನು ಒಪ್ಪದೆ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇಡೀ ವ್ಯಾಜ್ಯ ನಿಂತಿದ್ದು ಸಾಯುವಾಗ ಅವನು ಯಾರ ವಶದಲ್ಲಿದ್ದ ಎಂಬುದರ ಮೇಲೆ. ‘ವಶ’ ಬಿಡಬೇಡಿ.

ಉಪಕಾರವಾಯಿತು ಸರ್. ಇನ್ನೊಂದು ತೊಡಕು. ಮೂಲದಲ್ಲಿ ‘ಜುಡಿಷಿಯಲ್ ಮ್ಯಾಜಿಸ್ಟ್ರೇಟ್’ ಇದೆ. ‘ದಂಡಾಧಿಕಾರಿ’ ಸಾಕೇ?

> ಖಂಡಿತ ಸಾಲದು. ನ್ಯಾಯಾಧೀಶರಲ್ಲದ, ಕಂದಾಯ ಇಲಾಖೆಯ ತಹಶೀಲ್ದಾರರೂ ತಾಲ್ಲೂಕು ದಂಡಾಧಿಕಾರಿಯೇ. ಪೊಲೀಸ್ ವಶದಲ್ಲಿ ಸತ್ತರೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 2005ರ ತಿದ್ದುಪಡಿ ಹೇಳಿತು, ಈಗ ಅದು ಆ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮಿನಲ್ಲಿದೆ. ಬರೀ ‘ದಂಡಾಧಿಕಾರಿ’ ಎಂದರೆ ಮನೆಯವರಿಗಿರುವ ಹಕ್ಕೇ ಅನುವಾದದಲ್ಲಿ ಅಳಿಸಿಹೋಗುತ್ತದೆ. ‘ನ್ಯಾಯಿಕ ಮ್ಯಾಜಿಸ್ಟ್ರೇಟ್’ ಎಂದು ಬಿಡಿಸಿ ಬರೆಯಿರಿ. ‘ತನಿಖೆ’ ಎನ್ನಬೇಡಿ, ಅದು ಪೊಲೀಸರದ್ದು, ಇದು ‘ವಿಚಾರಣೆ’.

> ಪೊಲೀಸ್, ಮ್ಯಾಜಿಸ್ಟ್ರೇಟ್! ಕನ್ನಡ ಎಲ್ಲಿ ಉಳಿಯಿತು?

> ಫಿರ್ಯಾದು, ಮಹಜರು, ಜಾಮೀನು, ವಕೀಲ ಇವೂ ಹೊರಗಿನಿಂದ ಬಂದವೇ. ಠಾಣೆಯ ಬಾಗಿಲಲ್ಲಿ ನಿಂತವರು ಇವನ್ನೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರಿಗೆ ಇನ್ನೊಂದು ನಿಘಂಟು ಹೊರಿಸಬೇಡಿ.

> ಹಾಗೆಂದು ಬಂದದ್ದನ್ನೆಲ್ಲ ಒಳಬಿಟ್ಟರೆ ‘ಸಾವು’ ಹೋಗಿ ‘ಡೆತ್’ ಉಳಿಯುತ್ತದೆ. ‘ಲಾಕಪ್ ಡೆತ್’ ಆಗಲೇ ಪತ್ರಿಕೆಗಳಲ್ಲಿದೆ. ನನ್ನ ಆಕ್ಷೇಪ ನಿಂತೇ ಇರುತ್ತದೆ.

ಇಬ್ಬರಿಗೂ ನಮಸ್ಕಾರ. ಒಳಗೆಲ್ಲ ‘ಪೊಲೀಸ್ ವಶದಲ್ಲಿ ಸಾವು’ ಎಂದೇ ಇಟ್ಟಿದ್ದೇನೆ. ಆದರೆ ‘ಸಾವು’ ಎಂದರೆ ಕರ್ತೃವೇ ಇಲ್ಲ. ತಾನಾಗಿ ಸತ್ತಂತೆ ಕೇಳುತ್ತದೆ. ‘ಸಾಯಿಸಿದರು’ ಎನ್ನಲು ವಿಚಾರಣೆ ಇನ್ನೂ ಮುಗಿದಿಲ್ಲ. ಹಾಗಾಗಿ ಫಲಕಕ್ಕೆ ಮನೆಯವರು ಆಡಿದ ಮಾತನ್ನೇ ಹಾಕಿದೆ: ‘ನಡಕೊಂಡು ಹೋದ, ಹೆಣ ಕೊಟ್ಟರು.’ ಕರಡು ಅಚ್ಚಿಗೆ ಹೋಯಿತು.